ಬೋಧನಾ ವೀಸಾಕ್ಕಾಗಿ ಪದವಿ ಪ್ರಮಾಣಪತ್ರದ ದೃಢೀಕರಣ: ಯಾವ ಕಾಗದ, ಯಾವ ಕಚೇರಿ, ಯಾವ ಕ್ರಮ

ವಿದೇಶದ ಶಾಲೆಯೋ ಕಾಲೇಜೋ ನಿಮ್ಮನ್ನು ಶಿಕ್ಷಕರಾಗಿ ತೆಗೆದುಕೊಳ್ಳಲು ಒಪ್ಪಿದ ಮೇಲೆ ಅಲ್ಲಿಂದ ದಾಖಲೆಗಳ ಪಟ್ಟಿಯೊಂದು ಬರುತ್ತದೆ. ಪಾಸ್‌ಪೋರ್ಟ್, ಭಾವಚಿತ್ರ, ವೈದ್ಯಕೀಯ ವರದಿಗಳ ನಡುವೆ ‘ದೃಢೀಕರಿಸಿದ ಪದವಿ ಪ್ರಮಾಣಪತ್ರ’ ಎಂಬ ಸಾಲೂ ಅದರಲ್ಲಿರುತ್ತದೆ. ಉಳಿದವನ್ನು ಕೆಲವು ದಿನಗಳಲ್ಲಿ ಹೊಂದಿಸಿಕೊಳ್ಳಬಹುದು. ಈ ಒಂದು ಸಾಲು ಮಾತ್ರ ವಾರಗಳನ್ನು, ಕೆಲವೊಮ್ಮೆ ತಿಂಗಳುಗಳನ್ನು ನುಂಗುತ್ತದೆ. ಕಚೇರಿಗಳ ನಿಧಾನಗತಿ ಇದಕ್ಕೆ ಒಂದು ಕಾರಣ. ಆದರೆ ಹೆಚ್ಚಿನ ಸಲ ಕಾರಣ ಬೇರೆಯೇ ಇರುತ್ತದೆ: ಯಾವ ಕಾಗದ ಯಾವ ಕಚೇರಿಗೆ ಯಾವ ಕ್ರಮದಲ್ಲಿ ಹೋಗಬೇಕೆಂಬುದು ತಿಳಿಯುವ ಮೊದಲೇ ಅರ್ಜಿದಾರರು ಆತುರದಿಂದ ಮೊದಲ ಮುದ್ರೆಯನ್ನು ಹಾಕಿಸಿಬಿಟ್ಟಿರುತ್ತಾರೆ, ಆ ಮುದ್ರೆ ಮುಂದಿನ ಕಚೇರಿಯಲ್ಲಿ ನಡೆಯುವುದಿಲ್ಲ.

ದೃಢೀಕರಣದ ಸರಪಳಿಯಲ್ಲಿ ಯಾವ ಮುದ್ರೆಯೂ ‘ಈ ವ್ಯಕ್ತಿ ನಿಜವಾಗಿ ಓದಿ ತೇರ್ಗಡೆಯಾಗಿದ್ದಾರೆ’ ಎಂದು ಹೇಳುವುದಿಲ್ಲ. ಪ್ರತಿಯೊಂದು ಮುದ್ರೆಯೂ ತನಗಿಂತ ಹಿಂದಿನ ಸಹಿಯನ್ನು ಗುರುತಿಸಿ, ಅದು ಇಂಥವರದ್ದು, ಸಹಿ ಹಾಕಿದಾಗ ಅವರು ಈ ಹುದ್ದೆಯಲ್ಲಿದ್ದರು ಎಂದಷ್ಟೇ ಹೇಳುತ್ತದೆ. ಕುಲಸಚಿವರ ಸಹಿಯನ್ನು ಒಬ್ಬರು ಗುರುತಿಸುತ್ತಾರೆ, ಆ ಒಬ್ಬರ ಸಹಿಯನ್ನು ಮತ್ತೊಬ್ಬರು ಗುರುತಿಸುತ್ತಾರೆ. ಹೋಗಬೇಕಾದ ದೇಶದ ಅಧಿಕಾರಿ ನಂಬಬಲ್ಲ ಸಹಿಯೊಂದು ಕಾಗದದ ಮೇಲೆ ಬೀಳುವವರೆಗೆ ಇದು ಮುಂದುವರಿಯುತ್ತದೆ. ಹೀಗಾಗಿ ಎಲ್ಲಿ ಗೊಂದಲವಾದರೂ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈಗ ಕಾಗದದ ಮೇಲಿರುವ ಕೊನೆಯ ಸಹಿ ಯಾರದು, ಅದನ್ನು ಗುರುತಿಸುವ ಅಧಿಕಾರ ಯಾವ ಕಚೇರಿಗಿದೆ?

ಮೊದಲು ಸ್ವೀಕರಿಸುವವರನ್ನು ಕೇಳಿ

ಕಾಗದವನ್ನು ಕೊನೆಗೆ ಕೈಗೆ ತೆಗೆದುಕೊಳ್ಳುವ ಕಚೇರಿಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದರೆ ದಾರಿ ತಪ್ಪುವುದಿಲ್ಲ. ಅದು ರಾಯಭಾರ ಕಚೇರಿಯಾಗಿರಬಹುದು, ವಲಸೆ ಇಲಾಖೆಯಾಗಿರಬಹುದು, ಅಲ್ಲಿನ ಶಿಕ್ಷಣ ಇಲಾಖೆಯೂ ಆಗಿರಬಹುದು. ಉದ್ಯೋಗದಾತರಿಗೆ ಬರೆಯುವ ಪತ್ರದಲ್ಲಿ ಕೆಲವು ಸಂಗತಿಗಳನ್ನು ಬಿಡಿಸಿ ಕೇಳಬೇಕು. ಮುದ್ರೆ ಮೂಲ ಪ್ರಮಾಣಪತ್ರದ ಮೇಲೆಯೇ ಬೇಕೋ, ನೋಟರಿ ಪ್ರಮಾಣೀಕರಿಸಿದ ಪ್ರತಿಯ ಮೇಲಿದ್ದರೂ ನಡೆಯುತ್ತದೆಯೋ? ಅಪೊಸ್ಟಿಲ್ (ಒಪ್ಪಂದವೊಂದರಲ್ಲಿರುವ ದೇಶಗಳ ನಡುವೆ ನಡೆಯುವ ಒಂದೇ ದೃಢೀಕರಣ ಪತ್ರ; ವಿವರ ಮುಂದಿದೆ) ಸಾಕೋ, ರಾಯಭಾರ ಕಚೇರಿಯ ದೃಢೀಕರಣ ಬೇಕೋ? ಅಂಕಪಟ್ಟಿಗಳಿಗೂ ಅದೇ ನಿಯಮವೋ? ಅನುವಾದವನ್ನು ಯಾರು, ಎಲ್ಲಿ ಮಾಡಿಸಬೇಕು? ದೃಢೀಕರಣ ಇಂತಿಷ್ಟು ತಿಂಗಳೊಳಗಿನದ್ದೇ ಆಗಿರಬೇಕೆಂಬ ನಿಯಮವಿದೆಯೋ? ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ‘ಎಲ್ಲರೂ ಹೀಗೆಯೇ ಮಾಡಿಸುತ್ತಾರೆ’ ಎಂದು ನೇಮಕಾತಿ ಏಜೆಂಟರು ಫೋನಿನಲ್ಲಿ ಹೇಳಿದ್ದನ್ನು ಉತ್ತರವೆಂದು ಎಣಿಸಬಾರದು. ಕಾಗದ ತಿರಸ್ಕೃತವಾದಾಗ ಆ ಮಾತಿಗೆ ದಾಖಲೆ ಇರುವುದಿಲ್ಲ.

ದೇಶದಿಂದ ದೇಶಕ್ಕೆ ಬೇಡಿಕೆ ಎಷ್ಟು ಬದಲಾಗುತ್ತದೆಂದರೆ, ಒಂದು ದೇಶಕ್ಕೆಂದು ಮಾಡಿಸಿದ್ದು ಪಕ್ಕದ ದೇಶಕ್ಕೆ ಸಾಲದೆ ಹೋಗಬಹುದು ಅಥವಾ ಅಗತ್ಯವೇ ಇಲ್ಲದಿರಬಹುದು. ದಕ್ಷಿಣ ಕೊರಿಯಾದಲ್ಲಿ ವಿದೇಶಿ ಭಾಷಾ ಬೋಧಕರಿಗೆ ಕೊಡುವ ಇ-2 ವೀಸಾಕ್ಕೆ ಪದವಿ ಪ್ರಮಾಣಪತ್ರದ ಮೇಲೂ ರಾಷ್ಟ್ರಮಟ್ಟದ ಅಪರಾಧ ದಾಖಲೆ ಪರಿಶೀಲನೆಯ ಮೇಲೂ ಅಪೊಸ್ಟಿಲ್ ಕೇಳುತ್ತಾರೆ. ಜಪಾನಿನಲ್ಲಿ ಪದವಿಯನ್ನು ತೋರಿಸಲೇಬೇಕಾದರೂ ಕೆಲಸದ ವೀಸಾಕ್ಕೆ ಸಾಮಾನ್ಯವಾಗಿ ಪ್ರಮಾಣಪತ್ರದ ಪ್ರತಿಯೇ ಸಾಕಾಗುತ್ತದೆ. ಚೀನಾದ ಕೆಲಸದ ಪರವಾನಗಿಗೆ ಪದವಿಯ ದೃಢೀಕರಣ ಬೇಕು. ತೈವಾನ್ ಅಪೊಸ್ಟಿಲ್ ವ್ಯವಸ್ಥೆಯಲ್ಲಿ ಇಲ್ಲದಿರುವುದರಿಂದ ವಿದೇಶಗಳಲ್ಲಿರುವ ಅದರ ಪ್ರತಿನಿಧಿ ಕಚೇರಿಗಳೇ ದಾಖಲೆಯನ್ನು ದೃಢೀಕರಿಸಿ ಕೊಡುತ್ತವೆ. ಸಂಯುಕ್ತ ಅರಬ್ ಎಮಿರೇಟ್ಸ್, ಕತಾರ್‌ಗಳಂಥ ದೇಶಗಳಿಗೆ ಹೋಗುವವರು ರಾಯಭಾರ ಕಚೇರಿಯ ಮುದ್ರೆಯ ಹಳೆಯ ಉದ್ದದ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಅಪೊಸ್ಟಿಲ್ ಎಂದರೇನು, ಅದರ ಮೇಲೆ ಏನಿರುತ್ತದೆ

ವಿದೇಶಿ ಸಾರ್ವಜನಿಕ ದಾಖಲೆಗಳಿಗೆ, ಅಂದರೆ ಅಧಿಕೃತ ಹುದ್ದೆಯಲ್ಲಿರುವವರು ಕೊಟ್ಟ ದಾಖಲೆಗಳಿಗೆ, ರಾಯಭಾರ ಕಚೇರಿಯ ದೃಢೀಕರಣ ಬೇಕೆಂಬ ನಿಯಮವನ್ನು ರದ್ದುಗೊಳಿಸುವ ಒಪ್ಪಂದವೊಂದು 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ರೂಪುಗೊಂಡಿತು. 1965ರ ಜನವರಿಯಲ್ಲಿ ಜಾರಿಗೆ ಬಂದಿತು. ಇಂದು 120ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ದಾಖಲೆ ಹುಟ್ಟಿದ ದೇಶ ಮತ್ತು ದಾಖಲೆಯನ್ನು ಬಳಸುವ ದೇಶ ಎರಡೂ ಸದಸ್ಯರಾಗಿದ್ದು, ಅವುಗಳ ನಡುವೆ ಒಪ್ಪಂದ ಜಾರಿಯಲ್ಲಿದ್ದರೆ, ದಾಖಲೆ ಹುಟ್ಟಿದ ದೇಶದ ನಿಯೋಜಿತ ಕಚೇರಿಯೊಂದು ಅಂಟಿಸುವ ಅಥವಾ ಲಗತ್ತಿಸುವ ಒಂದೇ ಒಂದು ಪ್ರಮಾಣಪತ್ರ ಸಾಕು. ಅದೇ ಅಪೊಸ್ಟಿಲ್. ಅದರ ಮೇಲೆ ಮತ್ತೆ ರಾಯಭಾರ ಕಚೇರಿಯ ಮುದ್ರೆ ಬೇಕಾಗಿಲ್ಲ. ‘ಇನ್ನೂ ಭದ್ರವಾಗಿರಲಿ’ ಎಂದು ಅದಕ್ಕೂ ಹಣ ಕಟ್ಟಿಸಿಕೊಳ್ಳುವ ಏಜೆಂಟರಿಗೆ ಇಲ್ಲ ಎನ್ನುವುದೇ ಸರಿ.

ಅಪೊಸ್ಟಿಲ್ ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುತ್ತದೆ. ಒಪ್ಪಂದದ ಮಾದರಿಯ ಪ್ರಕಾರ ಅದು ಪ್ರತಿ ಬದಿ ಕನಿಷ್ಠ 9 ಸೆಂಟಿಮೀಟರ್ ಇರುವ ಚೌಕ. ಉಳಿದ ಬರಹ ಯಾವ ಭಾಷೆಯಲ್ಲಿದ್ದರೂ ತಲೆಬರಹ ಮಾತ್ರ ಫ್ರೆಂಚಿನಲ್ಲಿರುತ್ತದೆ. ಕೆಳಗೆ ಸಂಖ್ಯೆ ಹಾಕಿದ ಹತ್ತು ಸಾಲುಗಳು. ಮೊದಲನೆಯದು ದೇಶದ ಹೆಸರು. ಎರಡನೆಯದರಲ್ಲಿ ದಾಖಲೆಗೆ ಸಹಿ ಹಾಕಿದವರ ಹೆಸರು, ಮೂರನೆಯದರಲ್ಲಿ ಅವರ ಹುದ್ದೆ, ನಾಲ್ಕನೆಯದರಲ್ಲಿ ದಾಖಲೆಯ ಮೇಲಿರುವ ಮೊಹರು ಯಾವ ಸಂಸ್ಥೆಯದ್ದೆಂಬುದು. ಐದರಿಂದ ಎಂಟರವರೆಗೆ ಪ್ರಮಾಣೀಕರಿಸಿದ ಸ್ಥಳ, ದಿನಾಂಕ, ಕಚೇರಿ, ಕ್ರಮಸಂಖ್ಯೆ. ಒಂಬತ್ತು ಮತ್ತು ಹತ್ತು ಆ ಕಚೇರಿಯ ಮೊಹರು ಹಾಗೂ ಸಹಿ.

ಕಾಗದ ಕೈಗೆ ಬಂದ ಕೂಡಲೇ ಓದಬೇಕಾದದ್ದು ಎರಡನೆಯ ಮತ್ತು ಮೂರನೆಯ ಸಾಲುಗಳನ್ನು. ಅಲ್ಲಿ ಕುಲಸಚಿವರ ಹೆಸರಿದ್ದರೆ ಅಪೊಸ್ಟಿಲ್ ದೃಢೀಕರಿಸಿರುವುದು ವಿಶ್ವವಿದ್ಯಾಲಯದ ಸಹಿಯನ್ನು. ಅಲ್ಲಿ ನೋಟರಿಯ ಹೆಸರಿದ್ದರೆ ಅದು ದೃಢೀಕರಿಸಿರುವುದು ನೋಟರಿಯ ಸಹಿಯನ್ನು ಮಾತ್ರ; ನೋಟರಿ ಯಾವ ಮಾತಿಗೆ ಸಹಿ ಹಾಕಿದ್ದಾರೆ ಎಂಬುದು ಆಗ ಮುಖ್ಯವಾಗುತ್ತದೆ. ‘ಈ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ನೋಡಿದ್ದೇನೆ, ಇದು ಅದರ ಯಥಾಪ್ರತಿ’ ಎಂದು ನೋಟರಿಯೇ ಬರೆದಿದ್ದರೆ ಅದಕ್ಕೊಂದು ತೂಕವಿದೆ. ‘ಇದು ನನ್ನ ಪದವಿಯ ಯಥಾಪ್ರತಿ ಎಂದು ಅರ್ಜಿದಾರರು ನನ್ನ ಮುಂದೆ ಪ್ರಮಾಣ ಮಾಡಿ ಹೇಳಿದರು’ ಎಂದಷ್ಟೇ ಇದ್ದರೆ, ಆ ಕಾಗದ ಸಾರುವುದು ಅರ್ಜಿದಾರರ ಮಾತನ್ನೇ. ಕೆಲವು ದೇಶಗಳು ಈ ಎರಡನೆಯ ಬಗೆಯನ್ನೂ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಮೇಲೆ ಹೇಳಿದ ಪತ್ರದಲ್ಲಿ ‘ಮೂಲವೋ ಪ್ರತಿಯೋ’ ಎಂಬುದನ್ನು ಮೊದಲು ಕೇಳಬೇಕೆಂದದ್ದು ಇದಕ್ಕಾಗಿಯೇ.

ಸದಸ್ಯತ್ವದ ಪಟ್ಟಿ ನಿಂತ ನೀರಲ್ಲ. ಸೌದಿ ಅರೇಬಿಯಾದಲ್ಲಿ ಒಪ್ಪಂದ 2022ರ ಡಿಸೆಂಬರ್ 7ರಂದು, ಚೀನಾದಲ್ಲಿ 2023ರ ನವೆಂಬರ್ 7ರಂದು, ಕೆನಡಾದಲ್ಲಿ 2024ರ ಜನವರಿ 11ರಂದು ಜಾರಿಗೆ ಬಂದಿತು. ಅದಕ್ಕಿಂತ ಹಿಂದೆ ಈ ದೇಶಗಳಿಗೆ ಹೋದವರು ರಾಯಭಾರ ಕಚೇರಿಗಳ ಮುಂದೆ ಸಾಲುಗಟ್ಟಿದ್ದರು; ಅವರ ಅನುಭವದ ಸಲಹೆಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತಲೇ ಇವೆ. ಸಲಹೆ ಕೊಟ್ಟವರು ಯಾವ ವರ್ಷ ಹೋದವರೆಂದು ಕೇಳದೆ ಅದನ್ನು ಅನುಸರಿಸಬಾರದು. ಇನ್ನೊಂದು ಸೂಕ್ಷ್ಮವೂ ಇದೆ: ಹೊಸದಾಗಿ ಸೇರಿದ ದೇಶದ ಬಗ್ಗೆ ಹಳೆಯ ಸದಸ್ಯ ದೇಶವೊಂದು ಆಕ್ಷೇಪ ಸಲ್ಲಿಸಲು ಒಪ್ಪಂದದಲ್ಲಿ ಅವಕಾಶವಿದೆ, ಹಾಗೆ ಆಕ್ಷೇಪಿಸಿದರೆ ಆ ಎರಡು ದೇಶಗಳ ನಡುವೆ ಒಪ್ಪಂದ ಜಾರಿಯಾಗುವುದಿಲ್ಲ. ಭಾರತ 2005ರಲ್ಲಿ ಸೇರಿದಾಗ ಜರ್ಮನಿ ಹೀಗೆ ಆಕ್ಷೇಪಿಸಿತ್ತು. ಆದ್ದರಿಂದ ಎರಡೂ ದೇಶಗಳ ಹೆಸರು ಪಟ್ಟಿಯಲ್ಲಿವೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಈ ಒಪ್ಪಂದವನ್ನು ನೋಡಿಕೊಳ್ಳುವ ಸಂಸ್ಥೆಯಾದ ಹೇಗ್ ಸಮ್ಮೇಳನದ ಜಾಲತಾಣದಲ್ಲಿರುವ ಸದಸ್ಯತ್ವದ ಕೋಷ್ಟಕದಲ್ಲಿ ಆಕ್ಷೇಪಗಳ ವಿವರವನ್ನೂ ನೋಡಬೇಕು.

ಮೊದಲ ಸಹಿ

ಪದವಿ ಪ್ರಮಾಣಪತ್ರ ಸಾರ್ವಜನಿಕ ದಾಖಲೆಯೋ ಅಲ್ಲವೋ ಎಂಬುದನ್ನು ಅದು ಹುಟ್ಟಿದ ದೇಶದ ಕಾನೂನು ತೀರ್ಮಾನಿಸುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದ ಕುಲಸಚಿವರ ಸಹಿಯನ್ನು ಕೆಲವು ದೇಶಗಳ ಅಪೊಸ್ಟಿಲ್ ಕಚೇರಿ ನೇರವಾಗಿ ಗುರುತಿಸುತ್ತದೆ. ಖಾಸಗಿ ವಿಶ್ವವಿದ್ಯಾಲಯದ ಸಹಿಯಾದರೆ, ಅಥವಾ ಆ ದೇಶದಲ್ಲಿ ಯಾವ ವಿಶ್ವವಿದ್ಯಾಲಯದ ಸಹಿಗೂ ಸಾರ್ವಜನಿಕ ದಾಖಲೆಯ ಮಾನ್ಯತೆ ಇಲ್ಲದಿದ್ದರೆ, ನಡುವೆ ನೋಟರಿಯೋ ವಕೀಲರೋ ಬರಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಪದವಿ ಪ್ರಮಾಣಪತ್ರವನ್ನು ಸಾಲಿಸಿಟರ್ ಅಥವಾ ನೋಟರಿ ಪ್ರಮಾಣೀಕರಿಸಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ದೃಢೀಕರಣ ಕಚೇರಿ ಅಪೊಸ್ಟಿಲ್ ಕೊಡುತ್ತದೆ. ಭಾರತದಲ್ಲಿ ರಾಜ್ಯ ಸರ್ಕಾರದ ನಿಯೋಜಿತ ಇಲಾಖೆಯ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಬರುತ್ತದೆ.

ಅಮೆರಿಕದ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದಾರಿ ತಪ್ಪುವವರು ಅಲ್ಲಿ ಹೆಚ್ಚು. ಅಲ್ಲಿ ಅಪೊಸ್ಟಿಲ್ ಕೊಡುವ ಅಧಿಕಾರ ಎರಡು ಮಟ್ಟದಲ್ಲಿದೆ. ವಿಶ್ವವಿದ್ಯಾಲಯದ ದಾಖಲೆ ನೋಟರಿಯ ಮುಂದೆ ಹೋಗುತ್ತದೆ. ನೋಟರಿ ಯಾವ ರಾಜ್ಯದವರೋ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯೇ ಅವರ ಸಹಿಗೆ ಅಪೊಸ್ಟಿಲ್ ಕೊಡಬೇಕು. ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ ಅದಕ್ಕೂ ಮೊದಲು ನೋಟರಿಯ ಸಹಿಯನ್ನು ಕೌಂಟಿ ಕ್ಲರ್ಕ್ ಕಚೇರಿ ಪ್ರಮಾಣೀಕರಿಸಬೇಕು. ಎಫ್‌ಬಿಐ ಕೊಡುವ ಅಪರಾಧ ದಾಖಲೆ ಪರಿಶೀಲನೆಯಾದರೋ ಕೇಂದ್ರದ ದಾಖಲೆ. ಅದಕ್ಕೆ ವಾಷಿಂಗ್ಟನ್‌ನಲ್ಲಿರುವ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ಲೇ ಬೇಕು. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಒಂದೇ ಕಚೇರಿಗೆ ಕಳುಹಿಸಿದರೆ ಒಂದಂತೂ ಹಿಂದಿರುಗುವುದು ಖಚಿತ. ಕೆನಡಾದಲ್ಲಿಯೂ ಹೀಗೆಯೇ ಹಂಚಿಕೆಯಿದೆ: ಒಂಟಾರಿಯೊ, ಕ್ವಿಬೆಕ್, ಬ್ರಿಟಿಷ್ ಕೊಲಂಬಿಯಾಗಳಂಥ ಪ್ರಾಂತ್ಯಗಳಲ್ಲಿ ಸ್ವಂತ ಕಚೇರಿಗಳಿವೆ, ಸ್ವಂತ ಕಚೇರಿಯಿಲ್ಲದ ಪ್ರಾಂತ್ಯಗಳ ದಾಖಲೆಗಳನ್ನೂ ಕೇಂದ್ರದ ದಾಖಲೆಗಳನ್ನೂ ಅಲ್ಲಿನ ವಿದೇಶಾಂಗ ಇಲಾಖೆ ನೋಡಿಕೊಳ್ಳುತ್ತದೆ.

ಪದವಿ ಪಡೆದ ದೇಶ ಒಂದು, ಈಗ ವಾಸಿಸುತ್ತಿರುವ ದೇಶ ಇನ್ನೊಂದು ಆಗಿರುವವರಿಗೆ ಬೇರೆಯದೇ ತೊಡಕು. ಅಪೊಸ್ಟಿಲ್ ಕೊಡಬೇಕಾದದ್ದು ದಾಖಲೆ ಹುಟ್ಟಿದ ದೇಶ. ಅರ್ಜಿದಾರರ ಪೌರತ್ವವಾಗಲಿ ವಾಸಸ್ಥಳವಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪದವಿ ಕೊಟ್ಟ ದೇಶದ ರಾಯಭಾರ ಕಚೇರಿ ನಿಮ್ಮೂರಿನಲ್ಲಿಯೇ ಇದ್ದರೂ ಅಪೊಸ್ಟಿಲ್ ಅಲ್ಲಿ ಸಿಗುತ್ತದೆಂದು ನಂಬಿ ಹೋಗಬಾರದು; ಕಾಗದವನ್ನು ಆ ದೇಶಕ್ಕೇ ಕಳುಹಿಸಬೇಕಾಗುವುದೇ ಹೆಚ್ಚು. ವಾಸವಿರುವಲ್ಲಿಯೇ ನೋಟರಿಯಿಂದ ಯಥಾಪ್ರತಿ ಮಾಡಿಸಿ, ಅದಕ್ಕೆ ಅಲ್ಲಿನ ಅಪೊಸ್ಟಿಲ್ ಹಾಕಿಸುವ ಅಡ್ಡದಾರಿಯೊಂದಿದೆ. ಅದು ಅಕ್ರಮವಲ್ಲ. ಆದರೆ ಹಾಗೆ ಬಂದ ಅಪೊಸ್ಟಿಲ್‌ನ ಮೊದಲ ಸಾಲಿನಲ್ಲಿ ಪದವಿ ಕೊಟ್ಟ ದೇಶದ ಹೆಸರಿರುವುದಿಲ್ಲ, ಎರಡನೆಯ ಸಾಲಿನಲ್ಲಿ ವಿಶ್ವವಿದ್ಯಾಲಯದವರ ಹೆಸರಿರುವುದಿಲ್ಲ. ವೀಸಾ ಅಧಿಕಾರಿ ಅದನ್ನು ನೋಡಿ ಕಾಗದವನ್ನು ಬದಿಗಿಡುವ ಸಾಧ್ಯತೆ ಸಾಕಷ್ಟಿದೆ. ಸ್ವೀಕರಿಸುವ ಕಚೇರಿ ಲಿಖಿತವಾಗಿ ಒಪ್ಪಿದರೆ ಮಾತ್ರ ಈ ದಾರಿ ಹಿಡಿಯಬಹುದು.

ಮುದ್ರೆಗೆ ಮುನ್ನ ಕಾಗದವನ್ನು ನೋಡಿ

ಪ್ರಮಾಣಪತ್ರವನ್ನು ಮೇಜಿನ ಮೇಲೆ ಹರಡಿ, ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಒಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಇನ್ನೊಂದರಲ್ಲಿ ಪೂರ್ಣ ಹೆಸರು. ಒಂದರಲ್ಲಿ ಮದುವೆಗೆ ಮುಂಚಿನ ಕುಲನಾಮ, ಇನ್ನೊಂದರಲ್ಲಿ ನಂತರದ್ದು. ಒಂದರಲ್ಲಿ ಎರಡು ಪದವಾಗಿರುವ ಹೆಸರು ಇನ್ನೊಂದರಲ್ಲಿ ಒಂದೇ ಪದ. ಇಂಥ ವ್ಯತ್ಯಾಸ ಊರಿನಲ್ಲಿ ಯಾರ ಕಣ್ಣಿಗೂ ಬೀಳದಿರಬಹುದು, ಪಾಸ್‌ಪೋರ್ಟಿನ ಹೆಸರನ್ನು ಮಾತ್ರ ಬಲ್ಲ ವೀಸಾ ಅಧಿಕಾರಿಗೆ ಅದು ಇಬ್ಬರು ವ್ಯಕ್ತಿಗಳಂತೆ ಕಾಣುತ್ತದೆ. ವಿಶ್ವವಿದ್ಯಾಲಯ ತಿದ್ದಿದ ಪ್ರಮಾಣಪತ್ರ ಕೊಡುವುದಾದರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಇಲ್ಲವಾದರೆ ಮದುವೆಯ ಪ್ರಮಾಣಪತ್ರವನ್ನೋ ಹೆಸರು ಬದಲಾವಣೆಯ ದಾಖಲೆಯನ್ನೋ ಅಫಿಡವಿಟ್ಟನ್ನೋ ಜೊತೆಗಿಡಬೇಕು. ಆ ಕಾಗದಕ್ಕೂ ಪದವಿಯಷ್ಟೇ ದೃಢೀಕರಣ ಬೇಕಾದೀತೆಂಬುದನ್ನು ಮರೆಯಬಾರದು.

ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರ ಇನ್ನೊಂದು ತಲೆನೋವು. ಜೋಪಾನವಾಗಿರಲೆಂದು ಮಾಡಿಸಿದ್ದೇ ಇಲ್ಲಿ ಅಡ್ಡಿಯಾಗುತ್ತದೆ: ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರೆ ಹಿಡಿಯುವುದಿಲ್ಲ, ಒಳಗಿನ ಉಬ್ಬುಮೊಹರು ಬೆರಳಿಗೆ ಸಿಗುವುದಿಲ್ಲ, ಹಲವು ಕಚೇರಿಗಳು ಅಂಥ ಕಾಗದವನ್ನು ತೆಗೆದುಕೊಳ್ಳುವುದೇ ಇಲ್ಲ. ಬಿಸಿ ಮಾಡಿ ಕೀಳುವ ಪ್ರಯತ್ನದಲ್ಲಿ ಶಾಯಿಯೂ ಪ್ಲಾಸ್ಟಿಕ್ಕಿನ ಜೊತೆ ಎದ್ದುಬರುವ ಅಪಾಯವಿರುವುದರಿಂದ, ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ದ್ವಿಪ್ರತಿ ಪಡೆಯುವುದೇ ಮೇಲು.

ಸಹಿಯ ಹಳಮೆಯೂ ಕೆಲವೊಮ್ಮೆ ಅಡ್ಡ ಬರುತ್ತದೆ. ದೃಢೀಕರಿಸುವ ಕಚೇರಿಗಳು ತಮ್ಮ ಬಳಿಯಿರುವ ಮಾದರಿ ಸಹಿಗಳೊಂದಿಗೆ ಹೋಲಿಸಿಯೇ ಮುದ್ರೆ ಹಾಕುತ್ತವೆ. ಪದವಿ ಸಿಕ್ಕಿ ಎರಡು ಮೂರು ದಶಕಗಳಾಗಿದ್ದರೆ ಅಂದಿನ ಕುಲಸಚಿವರ ಮಾದರಿ ಸಹಿ ಕಡತದಲ್ಲಿ ಇಲ್ಲದಿರಬಹುದು. ಆಗ ಈಗಿನ ಕುಲಸಚಿವರೋ ಪರೀಕ್ಷಾಂಗ ವಿಭಾಗದ ಅಧಿಕಾರಿಯೋ ಸಹಿ ಹಾಕಿದ ಪರಿಶೀಲನಾ ಪತ್ರವನ್ನು ಪಡೆದು ಅದನ್ನು ಮುಂದಿಡಬೇಕಾಗುತ್ತದೆ. ಓದಿದ ಸಂಸ್ಥೆ ಮುಚ್ಚಿಹೋಗಿದ್ದರೆ ಅಥವಾ ಬೇರೊಂದರಲ್ಲಿ ವಿಲೀನವಾಗಿದ್ದರೆ ಅದರ ದಾಖಲೆಗಳು ಯಾರ ವಶದಲ್ಲಿವೆ ಎಂಬುದನ್ನು ಆ ದೇಶದ ಅಥವಾ ರಾಜ್ಯದ ಉನ್ನತ ಶಿಕ್ಷಣ ಇಲಾಖೆಯಲ್ಲಿ ವಿಚಾರಿಸಬೇಕು.

ಪದವಿ ಪ್ರದಾನವಾಗುವ ಮೊದಲು ಕೊಡುವ ತಾತ್ಕಾಲಿಕ ಪ್ರಮಾಣಪತ್ರವನ್ನು ಕೆಲವು ದೇಶಗಳು ಪದವಿಯೆಂದು ಒಪ್ಪುವುದಿಲ್ಲ. ಘಟಿಕೋತ್ಸವ ದೂರವಿದ್ದರೆ, ಗೈರುಹಾಜರಿಯಲ್ಲಿ ಮುಂಚಿತವಾಗಿ ಪದವಿ ಪ್ರಮಾಣಪತ್ರ ಪಡೆಯಲು ಅವಕಾಶವಿದೆಯೇ ಎಂದು ಕೇಳಿಕೊಳ್ಳಬೇಕು. ಪಶ್ಚಿಮದ ಕೆಲವು ವಿಶ್ವವಿದ್ಯಾಲಯಗಳ ಪ್ರಮಾಣಪತ್ರ ಇಂದಿಗೂ ಲ್ಯಾಟಿನ್‌ನಲ್ಲಿಯೇ ಇರುತ್ತದೆ. ಅದನ್ನು ಓದಬಲ್ಲ ವಲಸೆ ಅಧಿಕಾರಿ ಸಿಗುವುದು ಕಷ್ಟ. ಅಂಥವರು ವಿಶ್ವವಿದ್ಯಾಲಯದಿಂದಲೇ ಇಂಗ್ಲಿಷ್ ಪತ್ರವನ್ನು ಪಡೆದು ಅದನ್ನೂ ದೃಢೀಕರಿಸಿಕೊಳ್ಳಬೇಕು.

ಅಂಕಪಟ್ಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಕೇಳಿದ್ದರೆ ಲಕೋಟೆಯನ್ನು ತೆರೆಯಬಾರದು. ಒಳಗೇನಿದೆ ಎಂಬ ಕುತೂಹಲಕ್ಕೆ ಇನ್ನೊಂದು ಪ್ರತಿಯನ್ನು ಪ್ರತ್ಯೇಕವಾಗಿ ತರಿಸಿಕೊಂಡರಾಯಿತು.

ಅಪೊಸ್ಟಿಲ್ ನಡೆಯದ ದೇಶಗಳಿಗೆ

ಒಪ್ಪಂದದಲ್ಲಿಲ್ಲದ ದೇಶಕ್ಕೆ ಹೋಗುವವರ ಕಾಗದ ಇನ್ನೂ ಎರಡು ಬಾಗಿಲು ದಾಟಬೇಕು. ನೋಟರಿ ಅಥವಾ ರಾಜ್ಯಮಟ್ಟದ ಕಚೇರಿ, ನಂತರ ಪದವಿ ಕೊಟ್ಟ ದೇಶದ ವಿದೇಶಾಂಗ ಇಲಾಖೆ, ಆಮೇಲೆ ಆ ದೇಶದಲ್ಲಿರುವ, ನೀವು ಹೋಗಬೇಕಾದ ದೇಶದ ರಾಯಭಾರ ಕಚೇರಿ. ಎಮಿರೇಟ್ಸ್‌ನಂಥಲ್ಲಿ ಇಷ್ಟರ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ ದೃಢೀಕರಣವೂ ಆಗಬೇಕು. ಇಲ್ಲಿ ಕ್ರಮವೇ ಎಲ್ಲ. ವಿದೇಶಾಂಗ ಇಲಾಖೆಯ ಸಹಿಯಿಲ್ಲದ ಕಾಗದವನ್ನು ರಾಯಭಾರ ಕಚೇರಿಗೆ ಒಯ್ದರೆ ಅವರು ಗುರುತಿಸಬಲ್ಲ ಸಹಿ ಅದರ ಮೇಲೆ ಇರುವುದೇ ಇಲ್ಲ. ಕೆಲವು ರಾಯಭಾರ ಕಚೇರಿಗಳು ಅಂಕಪಟ್ಟಿಯನ್ನೂ, ಪದವಿ ನಿಜವೆಂದು ವಿಶ್ವವಿದ್ಯಾಲಯ ಬರೆದುಕೊಟ್ಟ ಪತ್ರವನ್ನೂ, ರೆಗ್ಯುಲರ್ ತರಗತಿಯಲ್ಲಿ ಓದಿದ್ದೋ ದೂರಶಿಕ್ಷಣದ ಮೂಲಕವೋ ಎಂಬ ವಿವರವನ್ನೂ ಕೇಳುತ್ತವೆ. ದೂರಶಿಕ್ಷಣದ ಪದವಿ ಇರುವವರು ಈ ಪ್ರಶ್ನೆಯನ್ನು ಕರಾರಿಗೆ ಸಹಿ ಹಾಕುವ ಮುನ್ನವೇ ಬಗೆಹರಿಸಿಕೊಳ್ಳುವುದು ಕ್ಷೇಮ.

ಪರಿಶೀಲನೆ, ಸಮಾನತೆ ಬೇರೆ, ದೃಢೀಕರಣ ಬೇರೆ

ಅಪೊಸ್ಟಿಲ್ ಸಹಿಗೆ ಮಾತ್ರ ಸಾಕ್ಷಿಯಾದ್ದರಿಂದ, ಪದವಿ ನಿಜವೇ ಎಂಬುದನ್ನು ಉದ್ಯೋಗದಾತರೋ ಸರ್ಕಾರವೋ ಬೇರೆ ದಾರಿಯಿಂದ ಪರಿಶೀಲಿಸಬಹುದು. ಬ್ರಿಟನ್ನಿನ ಎಚ್‌ಇಡಿಡಿ, ಅಮೆರಿಕದ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮೈ ಈಕ್ವಲ್ಸ್ ಇಂಥ ವ್ಯವಸ್ಥೆಗಳು. ಅಲ್ಲಿ ನಿಮ್ಮ ಪದವಿ ಸಿಗುತ್ತದೆಯೇ, ಹೆಸರೂ ವರ್ಷವೂ ಸರಿಯಾಗಿವೆಯೇ ಎಂದು ಮೊದಲೇ ವಿಶ್ವವಿದ್ಯಾಲಯದ ಮೂಲಕ ಖಚಿತಪಡಿಸಿಕೊಂಡರೆ ಮುಂದಿನ ಅಡಚಣೆ ತಪ್ಪುತ್ತದೆ. ಪದವಿ ಅಲ್ಲಿನ ಯಾವ ಮಟ್ಟಕ್ಕೆ ಸಮ ಎಂಬ ಮೌಲ್ಯಮಾಪನ ಮೂರನೆಯ ಸಂಗತಿ. ಮೂರು ವರ್ಷದ ಪದವಿಯನ್ನು ನಾಲ್ಕು ವರ್ಷದ್ದಕ್ಕೆ ಸಮವೆಂದು ಒಪ್ಪುವರೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಮೂರಕ್ಕೂ ಶುಲ್ಕ ಬೇರೆ, ಕಚೇರಿ ಬೇರೆ. ಕೇಳದಿರುವುದನ್ನು ಮಾಡಿಸುವ ಅಗತ್ಯವಿಲ್ಲ.

ಕಾಲದ ಲೆಕ್ಕ, ಅನುವಾದ, ಕಳುಹಿಸುವ ರೀತಿ

ಒಪ್ಪಂದದ ಪ್ರಕಾರ ಅಪೊಸ್ಟಿಲ್‌ಗೆ ಅವಧಿ ಮುಗಿಯುವ ದಿನಾಂಕವಿಲ್ಲ; ಪದವಿಯೂ ಹಳತಾಗುವುದಿಲ್ಲ. ಅಪರಾಧ ದಾಖಲೆ ಪರಿಶೀಲನೆ ಮಾತ್ರ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಹಳಸುತ್ತದೆ, ಹಲವು ಕಡೆ ಆರು ತಿಂಗಳ ಮಿತಿಯಿರುತ್ತದೆ. ಆದ್ದರಿಂದ ಪದವಿಯ ದೃಢೀಕರಣವನ್ನು ಕೆಲಸ ಹುಡುಕುವ ಹೊತ್ತಿನಲ್ಲಿಯೇ ಶುರು ಮಾಡಿ, ಪೊಲೀಸ್ ಪರಿಶೀಲನೆಯನ್ನು ಕೆಲಸ ಖಚಿತವಾಗುವ ಹಂತಕ್ಕೆ ಇಟ್ಟುಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಆರಂಭಿಸಿದರೆ ಪದವಿಯ ಕಾಗದ ಸುತ್ತಿ ಬರುವಷ್ಟರಲ್ಲಿ ಪೊಲೀಸ್ ಕಾಗದದ ಅವಧಿ ಕರಗಿರುತ್ತದೆ.

ಅನುವಾದ ಬೇಕಾದರೆ ಅದನ್ನು ಅಪೊಸ್ಟಿಲ್ ಆದ ಮೇಲೆ ಮಾಡಿಸುವುದು ಸಾಮಾನ್ಯವಾಗಿ ಸರಿಯಾದ ಕ್ರಮ. ಆಗ ಮುದ್ರೆಯ ಬರಹವೂ ಅನುವಾದದಲ್ಲಿ ಸೇರುತ್ತದೆ. ಅನುವಾದ ತಮ್ಮ ದೇಶದ ಅಧಿಕೃತ ಅನುವಾದಕರಿಂದಲೇ ಆಗಬೇಕೆಂದು ಕೆಲವು ದೇಶಗಳು ಹೇಳುತ್ತವೆ. ಅಂಥಲ್ಲಿ ಬೇರೆ ಕಡೆ ಮಾಡಿಸಿದ ಅನುವಾದ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ.

ಅಪೊಸ್ಟಿಲ್ ಪ್ರತ್ಯೇಕ ಹಾಳೆಯಾಗಿ ಬಂದು ಸ್ಟೇಪಲ್ ಅಥವಾ ರಿಬ್ಬನ್ನಿನಿಂದ ಕಟ್ಟಿದ್ದರೆ ಅದನ್ನು ಎಂದಿಗೂ ಬಿಚ್ಚಬಾರದು, ಸ್ಕ್ಯಾನ್ ಮಾಡುವುದಕ್ಕಾಗಿಯೂ ಬಿಚ್ಚಬಾರದು. ಒಮ್ಮೆ ಕಿತ್ತು ಮತ್ತೆ ಹೊಲಿದ ರಂಧ್ರಗಳು ಕಂಡರೆ ಹಾಳೆಯನ್ನು ಬದಲಿಸಿರಬಹುದೆಂಬ ಅನುಮಾನ ಹುಟ್ಟುತ್ತದೆ, ಆ ಅನುಮಾನವೇ ಕಾಗದವನ್ನು ತಿರಸ್ಕರಿಸಲು ಸಾಕು. ಮೂಲೆಯನ್ನು ಮೆಲ್ಲಗೆ ಮಡಚಿ ಪುಟ ಪುಟವಾಗಿ ಸ್ಕ್ಯಾನ್ ಮಾಡಿಕೊಳ್ಳಬಹುದು. ವಿದ್ಯುನ್ಮಾನ ಅಪೊಸ್ಟಿಲ್ ಪಡೆದವರಿಗೆ ಇದರ ತಿರುವುಮುರುವಾದ ಎಚ್ಚರಿಕೆ: ಅದರ ಬೆಲೆಯಿರುವುದು ಡಿಜಿಟಲ್ ಸಹಿಯಿರುವ ಪಿಡಿಎಫ್ ಕಡತದಲ್ಲಿ. ಅದನ್ನು ಮುದ್ರಿಸಿ ಕೊಟ್ಟರೆ ಸಹಿ ಕಡತದಲ್ಲಿಯೇ ಉಳಿದು ಕೈಯಲ್ಲಿ ಬರಿಯ ಚಿತ್ರವಿರುತ್ತದೆ. ಕಾಗದವನ್ನೇ ಕೇಳುವ ದೇಶಕ್ಕೆ ವಿದ್ಯುನ್ಮಾನ ಅಪೊಸ್ಟಿಲ್ ಮಾಡಿಸುವ ಮೊದಲು ವಿಚಾರಿಸಿಕೊಳ್ಳಬೇಕು.

ಏಜೆಂಟರ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ: ದೂರದ ದೇಶದಲ್ಲಿ ಕಾಗದ ಓಡಾಡಬೇಕಾದಾಗ ಅವರ ಸೇವೆ ಉಪಯುಕ್ತ, ಒಂದೇ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದರೆ ಆಗುವ ಕೆಲಸಕ್ಕೆ ಅನಗತ್ಯ. ಎಷ್ಟೇ ವಿಶ್ವಾಸವಿದ್ದರೂ ಮೂಲವನ್ನು ಕೊಡುವ ಮೊದಲು ಎರಡೂ ಬದಿಯ ಸ್ಕ್ಯಾನ್ ಮತ್ತು ಸ್ವೀಕೃತಿ ರಸೀದಿ ನಿಮ್ಮ ಬಳಿಯಿರಬೇಕು, ಕೊರಿಯರ್ ಟ್ರ್ಯಾಕಿಂಗ್ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು. ‘ಎರಡೇ ದಿನದಲ್ಲಿ ಎಲ್ಲ ಮುದ್ರೆ’ ಎನ್ನುವವರ ಕಾಗದದ ಮೇಲಿನ ಮುದ್ರೆಯನ್ನು ವಿಶೇಷವಾಗಿ ಪರೀಕ್ಷಿಸಬೇಕು. ಕೊಟ್ಟ ಪ್ರತಿ ಅಪೊಸ್ಟಿಲ್‌ಗೂ ಕಚೇರಿ ದಾಖಲೆ ಇಟ್ಟಿರಲೇಬೇಕೆಂಬುದು ಒಪ್ಪಂದದ ನಿಯಮ. ಹಲವು ದೇಶಗಳು ಆ ದಾಖಲೆಯನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ಕ್ರಮಸಂಖ್ಯೆ ಮತ್ತು ದಿನಾಂಕ ಹಾಕಿದರೆ ಅದು ನಿಜವೋ ಅಲ್ಲವೋ ತಿಳಿಯುತ್ತದೆ. ವೀಸಾ ಅಧಿಕಾರಿಯೂ ಹೀಗೆಯೇ ನೋಡುತ್ತಾರೆ, ಅವರಿಗಿಂತ ಮೊದಲು ನೀವು ನೋಡಿರಬೇಕು. ನಕಲಿ ಮುದ್ರೆಯ ಕಾಗದವನ್ನು ಸಲ್ಲಿಸಿದ ಹೊಣೆ ಏಜೆಂಟರ ಮೇಲೆ ಬೀಳುವುದಿಲ್ಲ, ಅರ್ಜಿಗೆ ಸಹಿ ಹಾಕಿದವರ ಮೇಲೆಯೇ ಬೀಳುತ್ತದೆ.

ವೀಸಾ ಸಿಕ್ಕ ಮೇಲೆ ಕಾಗದದ ಕೆಲಸ ಮುಗಿಯಿತೆಂದು ಅದನ್ನು ಮನೆಯಲ್ಲಿಟ್ಟು ಹೊರಡಬಾರದು. ನಿವಾಸ ಪರವಾನಗಿ ಮಾಡಿಸುವಾಗ, ಶಿಕ್ಷಕರ ಪರವಾನಗಿಗೆ ಅರ್ಜಿ ಹಾಕುವಾಗ, ಶಾಲೆ ಬದಲಿಸುವಾಗ ಅದೇ ದೃಢೀಕೃತ ಮೂಲವನ್ನು ಮತ್ತೆ ಕೇಳಬಹುದು. ಅರ್ಜಿಯೊಂದಿಗೆ ಸಲ್ಲಿಸಿದ ಕಾಗದವನ್ನು ಕೆಲವು ಕಚೇರಿಗಳು ಹಿಂದಿರುಗಿಸುವುದೇ ಇಲ್ಲವಾದ್ದರಿಂದ, ಪ್ರತಿಯ ಮೇಲೆ ಅಪೊಸ್ಟಿಲ್ ಒಪ್ಪುವ ದೇಶಕ್ಕೆ ಹೋಗುವವರು ಆರಂಭದಲ್ಲಿಯೇ ಎರಡು ಪ್ರತಿಗಳಿಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಒಂದನ್ನು ಅರ್ಜಿಗೆ ಕೊಟ್ಟು ಇನ್ನೊಂದನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ಒಯ್ಯಬೇಕು, ಲಗೇಜಿಗೆ ಹಾಕಬಾರದು.